ಹಿತ್ತಿಲಲ್ಲಿ ತುರಿಸುವ ಗಿಡ: ಎಲೆಗಿಂತ ಮೊದಲು ಹೊತ್ತು ನೋಡಿ

ಹಿತ್ತಿಲಲ್ಲಿ ಕೆಲಸ ಮಾಡಿ ಬಂದವರಿಗೆ ಮೈ ತುರಿಸಿದರೆ ಎಲ್ಲರೂ ಕೇಳುವುದು ‘ಯಾವ ಗಿಡ ಮುಟ್ಟಿದೆ?’ ಅಂತ. ನಾನು ಕೇಳುವುದು ಬೇರೆ ಎರಡು ಪ್ರಶ್ನೆ. ಎಷ್ಟು ಹೊತ್ತಿಗೆ ತುರಿಕೆ ಶುರುವಾಯಿತು? ಮೈಮೇಲೆ ಎಲ್ಲಿ ಶುರುವಾಯಿತು? ಇವೆರಡಕ್ಕೆ ಸರಿಯಾದ ಉತ್ತರ ಸಿಕ್ಕರೆ ಗಿಡ ಮುಕ್ಕಾಲು ಪಾಲು ಸಿಕ್ಕಂತೆಯೇ. ಎಲೆ, ಹೂವು, ಕಾಯಿ ಎಲ್ಲ ಆಮೇಲೆ ನೋಡಿ ಖಚಿತ ಮಾಡಿಕೊಳ್ಳಬಹುದು.

ಈ ದಾರಿಗೆ ನನ್ನನ್ನು ಹಚ್ಚಿದ್ದು ಅಪ್ಪನ ಕುತ್ತಿಗೆ. ಮಳೆಗಾಲ ಬಂತೆಂದರೆ ಅವರ ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಒಳಮಡಿಕೆ ಕೆಂಪಾಗಿ, ತುರಿಸಿ ತುರಿಸಿ ಚರ್ಮ ದಪ್ಪಗಾಗಿಬಿಡುತ್ತಿತ್ತು. ಸೋಪು ಬದಲಾಯಿಸಿದ್ದಾಯಿತು, ಬಟ್ಟೆ ಒಗೆಯುವ ಪುಡಿ ಬದಲಾಯಿಸಿದ್ದಾಯಿತು. ಕೊನೆಗೆ ಚರ್ಮದ ಡಾಕ್ಟರು ಒಂದೇ ಮಾತು ಕೇಳಿದರು, ‘ಮನೆ ಸುತ್ತ ಕಾಂಗ್ರೆಸ್ ಗಿಡ ಇದೆಯಾ?’

‘ಇದೆ ಡಾಕ್ಟ್ರೇ, ಆದ್ರೆ ನಾನು ಅದರ ತಂಟೆಗೇ ಹೋಗಲ್ಲ’ ಅಂದರು ಅಪ್ಪ.

‘ನೀವು ಹೋಗೋದು ಬೇಡ ಯಜಮಾನ್ರೇ. ಗಾಳೀಲಿ ಅದೇ ಬರುತ್ತೆ.’

ಅನುಮಾನದ ವಸ್ತುಗಳನ್ನು ಹಚ್ಚಿದ ಪ್ಯಾಚ್ ಬೆನ್ನಿಗೆ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡಿದಾಗ ಪಾರ್ಥೇನಿಯಂ, ಅಂದರೆ ಅದೇ ಕಾಂಗ್ರೆಸ್ ಗಿಡ, ಇದ್ದ ಜಾಗ ಉಬ್ಬಿ ಕೆಂಪಾಗಿತ್ತು. ಗಿಡದ ರೋಮ, ಒಣಗಿದ ಎಲೆಯ ಪುಡಿ, ಪರಾಗ ಎಲ್ಲ ಗಾಳಿಗೆ ಹಾರಿ ಬಟ್ಟೆ ಮುಚ್ಚದ ಜಾಗದಲ್ಲಿ ಕೂರುತ್ತವೆ. ಬೆವರು ನಿಲ್ಲುವ ಮಡಿಕೆಗಳಲ್ಲಿ ಉಳಿದುಬಿಡುತ್ತವೆ. ಅದರಲ್ಲಿರುವ ಪಾರ್ಥೇನಿನ್ ಎಂಬ ರಾಸಾಯನಿಕಕ್ಕೆ ಮೈ ಒಮ್ಮೆ ಒಗ್ಗದೆ ಹೋಯಿತೆಂದರೆ ಆಮೇಲೆ ಸ್ವಲ್ಪ ತಾಗಿದರೂ ಸಾಕು. ಹಾಗಾಗಿ ಕೈಕಾಲು ಚೆನ್ನಾಗಿದ್ದು ರೆಪ್ಪೆ ಮತ್ತು ಕುತ್ತಿಗೆ ಮಾತ್ರ ಕೆಟ್ಟಿದ್ದರೆ ನಾನು ಮೊದಲು ನೋಡುವುದು ಗಾಳಿ ಬೀಸುವ ದಿಕ್ಕನ್ನು.

ಈ ಗಿಡವನ್ನು ಹೂ ಬಿಟ್ಟಾಗ ಗುರುತಿಸುವುದು ಎಲ್ಲರಿಗೂ ಗೊತ್ತು. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಮೊಳೆತ ಹೊಸದರಲ್ಲಿ ಅದು ಎತ್ತರಕ್ಕೆ ಏಳುವುದೇ ಇಲ್ಲ. ಕ್ಯಾರೆಟ್ ಸೊಪ್ಪಿನ ಹಾಗೆ ಸೀಳಿದ, ತೆಳು ಹಸಿರಿನ ಎಲೆಗಳನ್ನು ಸುತ್ತಲೂ ಹರಡಿ ನೆಲಕ್ಕೆ ಅಂಟಿಕೊಂಡು ಕೂತಿರುತ್ತದೆ. ಬೆಳಕಿಗೆ ಹಿಡಿದರೆ ಎಲೆಯ ಮೇಲೆ ಸಣ್ಣ ರೋಮ ಕಾಣುತ್ತದೆ. ನಡುವಿನಿಂದ ಉದ್ದುದ್ದ ಗೆರೆ ಇರುವ ಕಾಂಡ ಎದ್ದಿತೆಂದರೆ ಹೂವಿಗೆ ಹೆಚ್ಚು ದಿನ ಇಲ್ಲ. ಮೊಳೆತ 4ರಿಂದ 6 ವಾರದಲ್ಲಿ ಐದು ಮೂಲೆಯ ಪುಟ್ಟ ಬಿಳಿ ಹೂ ಬಂದಿರುತ್ತದೆ. ಚೆನ್ನಾಗಿ ಬೆಳೆದ ಒಂದು ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಆದ್ದರಿಂದ ನಾನು ಕೀಳುವುದು ನೆಲಕ್ಕೆ ಅಂಟಿಕೊಂಡ ಹಂತದಲ್ಲೇ, ಅದೂ ಮಳೆ ಬಂದ ಮಾರನೆಯ ದಿನ. ನೆಲ ಮೆತ್ತಗಿದ್ದರೆ ಬೇರು ಸಮೇತ ಬರುತ್ತದೆ. ಮಚ್ಚಿನಿಂದ ಸವರಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಸಾಲದ್ದಕ್ಕೆ ಸವರುವಾಗ ಪುಡಿ ಮುಖಕ್ಕೇ ಬರುತ್ತದೆ. ಕೈಗವಸು, ತುಂಬುತೋಳಿನ ಅಂಗಿ, ಮೂಗು ಬಾಯಿಗೆ ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬಾರದು. ಅಲರ್ಜಿ ಇರುವವರಂತೂ ಆ ದಿನ ಹಿತ್ತಿಲ ಕಡೆ ಸುಳಿಯದಿರುವುದೇ ಒಳ್ಳೆಯದು. ಅಪ್ಪನನ್ನು ನಾನು ಮನೆಯೊಳಗೆ ಕೂರಿಸಿ ಕಿಟಕಿ ಹಾಕಿಯೇ ಶುರುಮಾಡುವುದು.

ಕಿತ್ತ ಜಾಗ ಖಾಲಿ ಬಿಟ್ಟರೆ ಮತ್ತೆ ಅದೇ ಬರುತ್ತದೆ. ಒಣಹುಲ್ಲು, ತರಗೆಲೆ ದಪ್ಪಗೆ ಹೊದಿಸಿದ ಮೇಲೆ ನಮ್ಮಲ್ಲಿ ಬಹಳ ಕಡಿಮೆಯಾಯಿತು. ಬೆನ್ನ ಮೇಲೆ ಕಂದು ಗೆರೆಗಳಿರುವ ಕೆನೆಬಣ್ಣದ ಪುಟ್ಟ ಜೀರುಂಡೆ ಪಾರ್ಥೇನಿಯಂ ಎಲೆ ಮೇಯುತ್ತಿದ್ದರೆ ದಯವಿಟ್ಟು ಅದಕ್ಕೆ ಔಷಧ ಹೊಡೆಯಬೇಡಿ. ಈ ಕಳೆಯನ್ನು ತಿನ್ನಲೆಂದೇ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಭಾರತದಲ್ಲಿ ಬಿಟ್ಟ ಕೀಟ ಅದು. ಇನ್ನೊಂದು ಮಾತು: ಸೇವಂತಿಗೆಯೂ ಪಾರ್ಥೇನಿಯಂ ಕುಟುಂಬದ್ದೇ. ಅಲರ್ಜಿ ಬಲವಾಗಿರುವ ಕೆಲವರಿಗೆ ಅದೂ ಆಗುವುದಿಲ್ಲ. ಅಪ್ಪ ಇಷ್ಟಪಟ್ಟು ಬೆಳೆಸಿದ ಸೇವಂತಿಗೆ ಕುಂಡಗಳನ್ನು ನಾನು ಪಕ್ಕದ ಮನೆಗೆ ಕೊಟ್ಟೆ. ಅಪ್ಪನಿಗೆ ಬೇಸರವಾಯಿತು, ಆದರೆ ರೆಪ್ಪೆಯ ಊತ ಇಳಿದದ್ದು ಆಮೇಲೆಯೇ.

ಮುಟ್ಟಿದ ಕ್ಷಣವೇ ಚುರ್ ಎಂದರೆ ಅದು ಬೇರೆ ಜಾತಿ. ಬೇಲಿ ಸಂದಿಯಲ್ಲಿ ಹಬ್ಬುವ ತುರಿಕೆ ಗಿಡ ಹೀಗೆ. ಗರಗಸದ ಅಂಚಿನ ಎಲೆ, ಎಲೆಯ ಮೇಲೂ ಕಾಂಡದ ಮೇಲೂ ನೆಟ್ಟಗೆ ನಿಂತ ರೋಮ. ಅವು ಚರ್ಮಕ್ಕೆ ಚುಚ್ಚಿಕೊಂಡು ಉರಿ ಎಬ್ಬಿಸುತ್ತವೆ. ನಸುಗುನ್ನಿ ಇನ್ನೂ ಕೆಟ್ಟದ್ದು. ಎಲೆ ನೋಡಿದರೆ ಅವರೆ ಬಳ್ಳಿಯೇ ಅನ್ನಿಸುತ್ತದೆ, ಮೂರು ಮೂರು ಎಲೆ, ಜೋತುಬಿದ್ದ ನೇರಳೆ ಹೂಗೊಂಚಲು. ಅಪಾಯ ಇರುವುದು ಕಾಯಿಯಲ್ಲಿ: ಸ್ವಲ್ಪ ಬಾಗಿದ ಕಾಯಿಯ ಮೈತುಂಬ ಕಂದು ಬಣ್ಣದ ಮಖಮಲ್ಲಿನಂಥ ರೋಮ, ಬಲಿತ ಮೇಲೆ ಗಾಳಿಗೂ ಉದುರುತ್ತದೆ. ಬಳ್ಳಿಯ ಕೆಳಗೆ ಸುಮ್ಮನೆ ನಿಂತವರಿಗೂ ಕುತ್ತಿಗೆ, ತೋಳು ಹತ್ತಿ ಉರಿಯುವುದು ಅದಕ್ಕೇ. ಇಂಥ ರೋಮ ತಾಗಿದಾಗ ಉಜ್ಜಬಾರದು, ಉಜ್ಜಿದರೆ ಇನ್ನಷ್ಟು ಒಳಗೆ ಇಳಿಯುತ್ತದೆ. ನಾನು ಅಗಲದ ಅಂಟುಪಟ್ಟಿಯನ್ನು ಚರ್ಮಕ್ಕೆ ಮೆಲ್ಲಗೆ ಒತ್ತಿ ಎತ್ತುತ್ತೇನೆ. ಪಟ್ಟಿಯ ಮೇಲೆ ಕಂದು ರೋಮ ಕಣ್ಣಿಗೇ ಕಾಣುತ್ತದೆ. ಹೊಸ ಪಟ್ಟಿ ಒತ್ತಿದಾಗ ಏನೂ ಬಾರದಿದ್ದರೆ ಆಮೇಲೆ ಸೋಪು ನೀರು. ಹಾಕಿದ್ದ ಬಟ್ಟೆ ಬೇರೆ ಬಟ್ಟೆಗಳ ಜೊತೆ ಸೇರಬಾರದು. ನಸುಗುನ್ನಿಯನ್ನು ತೆಗೆಯುವುದಾದರೆ ಹೂ ಕಾಯಾಗುವ ಮೊದಲೇ ತೆಗೆಯಿರಿ. ಕಾಯಿ ಒಣಗಿದ್ದರೆ ನೀರು ಚಿಮುಕಿಸಿ ಒದ್ದೆ ಮಾಡಿಕೊಂಡು ಕತ್ತರಿಸಿ.

ಮೂರನೆಯದು ತಡವಾಗಿ ಬರುವುದು. ಮುಟ್ಟಿದ ದಿನ ಏನೂ ಇಲ್ಲ, ಮಾರನೆಯ ದಿನ ಅಥವಾ ಅದರಾಚೆ ದಿನ ಕೆಂಪು ಗೆರೆ, ಗೆರೆಯ ಮೇಲೆ ನೀರು ತುಂಬಿದ ಬೊಬ್ಬೆ. ಹೀಗೆ ಗೆರೆ ಗೆರೆಯಾಗಿ ಎದ್ದರೆ ನಾನು ಗೇರಿನ ಬಳಗವನ್ನು ಹುಡುಕುತ್ತೇನೆ. ಮಾವು, ಗೋಡಂಬಿ, ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕರಿಗೇರು, ಉತ್ತರ ಅಮೆರಿಕದವರು ಹೆದರುವ ಪಾಯ್ಸನ್ ಐವಿ ಎಲ್ಲ ಒಂದೇ ಕುಟುಂಬ. ಐವಿಯಲ್ಲಿರುವ ಉರುಷಿಯಾಲ್ ಎಂಬ ಎಣ್ಣೆ ಅಥವಾ ಅದರ ಹತ್ತಿರದ ನೆಂಟ ಇವೆಲ್ಲದರ ಸೊನೆಯಲ್ಲೂ ಇದೆ. ಮಾವಿನ ಕಾಯಿ ಕೀಳುವಾಗ ಸೊನೆ ಸಿಡಿದು ಬಾಯಿ ಸುತ್ತ ಬೆಂದಂತಾಗುವುದೂ ಇದೇ ಕಾರಣಕ್ಕೆ.

ಅನುಮಾನ ಇರುವ ಗಿಡಕ್ಕೆ ನಾನು ಮಾಡುವ ಪರೀಕ್ಷೆ ಸುಲಭ. ದಪ್ಪ ಕೈಗವಸು ಹಾಕಿಕೊಂಡು ಒಂದು ಎಲೆಯನ್ನು ಬಿಳಿ ಕಾಗದದ ಮಡಿಕೆಯೊಳಗೆ ಇಟ್ಟು ಕಲ್ಲಿನಿಂದ ಜಜ್ಜುತ್ತೇನೆ. ಮೊದಲು ಬರೀ ಒದ್ದೆ ಕಲೆ. ಸ್ವಲ್ಪ ಹೊತ್ತಿಗೆ ಅಂಚು ಕಂದಾಗಿ, ಆಮೇಲೆ ಕಪ್ಪಾಗುತ್ತಾ ಬಂದರೆ ಆ ಗಿಡವನ್ನು ಗೇರಿನ ಬಳಗಕ್ಕೇ ಸೇರಿಸಿ ದೂರ ಇಡುತ್ತೇನೆ. ಕಪ್ಪಾಗಲಿಲ್ಲ ಎಂದ ಮಾತ್ರಕ್ಕೆ ಗಿಡ ನಿರಪಾಯಕಾರಿ ಅಂತಲ್ಲ. ಮರದ ತೊಗಟೆಯ ಗಾಯದ ಸುತ್ತ ಡಾಂಬರಿನಂಥ ಕರಿ ಕಲೆ ಕಂಡರೂ ಅದೇ ಎಚ್ಚರಿಕೆ.

ಸೊನೆ ತಾಗಿದೆ ಎಂದು ಗೊತ್ತಾದರೆ ಕೈಯಲ್ಲಿರುವುದು ನಿಮಿಷಗಳು. 10 ನಿಮಿಷದೊಳಗೆ ತೊಳೆದರೆ ಬಹಳಷ್ಟು ಎಣ್ಣೆ ಹೋಗುತ್ತದೆ. ಅರ್ಧ ಗಂಟೆ ಕಳೆದರೆ ಎಣ್ಣೆ ಚರ್ಮಕ್ಕೆ ಹಿಡಿದಿರುತ್ತದೆ. ಬರೀ ನೀರು ಸುರಿದುಕೊಂಡರೆ ಎಣ್ಣೆ ಹೋಗುವುದಿಲ್ಲ. ಪಾತ್ರೆ ತೊಳೆಯುವ ಸೋಪು ಹಚ್ಚಿ, ಒದ್ದೆ ಬಟ್ಟೆಯಿಂದ ಒರೆಸಿ, ತಣ್ಣೀರಲ್ಲಿ ತೊಳೆದು, ಮತ್ತೆ ಅದನ್ನೇ ಮಾಡಬೇಕು. ಉಗುರಿನ ಸಂದಿ ಮರೆಯಬಾರದು. ತೆಳು ರಬ್ಬರ್ ಕೈಗವಸನ್ನು ಈ ಎಣ್ಣೆ ದಾಟಿ ಬರುತ್ತದೆ, ಬಟ್ಟೆಯ ಕೈಗವಸು ಅದನ್ನು ಹೀರಿಕೊಂಡು ಕೈಗೇ ಒತ್ತಿ ಹಿಡಿಯುತ್ತದೆ. ದಪ್ಪ ವಿನೈಲ್ ಆಗಬೇಕು. ಬೊಬ್ಬೆಯ ನೀರಿನಿಂದ ಇದು ಹರಡುವುದಿಲ್ಲ. ಹೊಸ ಹೊಸ ಜಾಗದಲ್ಲಿ ಏಳುತ್ತಿದ್ದರೆ ಎಣ್ಣೆ ಎಲ್ಲೋ ಉಳಿದಿದೆ ಅಂತಲೇ ಅರ್ಥ: ಕುಡುಗೋಲಿನ ಹಿಡಿ, ಚಪ್ಪಲಿಯ ಪಟ್ಟಿ, ನಾಯಿಯ ಕೂದಲು.

ಹಾಲು ಸುರಿಯುವ ಕಳ್ಳಿ, ಎಕ್ಕದ ವಿಷಯದಲ್ಲಿ ಚರ್ಮಕ್ಕಿಂತ ಕಣ್ಣಿನ ಚಿಂತೆ ದೊಡ್ಡದು. ಎಕ್ಕದ ಹಾಲು ಕಣ್ಣಿಗೆ ಬಿದ್ದಾಗ ನೋವೇ ಇಲ್ಲದೆ ದೃಷ್ಟಿ ಮಂಜಾಗುವುದುಂಟು. ನೋವಿಲ್ಲ ಅಂತ ಸುಮ್ಮನಿರಬಾರದು. ಕೂಡಲೇ ಧಾರಾಳ ಶುದ್ಧ ನೀರಿನಿಂದ ಕಣ್ಣು ತೊಳೆದು ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಕಳ್ಳಿ ಬೇಲಿ ಕತ್ತರಿಸುವಾಗ ನಾನು ಕನ್ನಡಕ ಹಾಕದೆ ಕತ್ತರಿ ಮುಟ್ಟುವುದಿಲ್ಲ.

ನಿಂಬೆ ಗಿಡದ ಹತ್ತಿರ ಬಿಸಿಲಲ್ಲಿ ಕೆಲಸ ಮಾಡಿದವರ ಕೈಮೇಲೆ, ಒಂದೆರಡು ದಿನ ಕಳೆದು, ತುರಿಕೆಗಿಂತ ಉರಿಯೇ ಹೆಚ್ಚಾಗಿ, ಆಮೇಲೆ ಸೋರಿದ ಆಕಾರದಲ್ಲೇ ಕಪ್ಪು ಕಲೆ ನಿಂತರೆ ಅದು ರಸ ಮತ್ತು ಬಿಸಿಲು ಸೇರಿ ಮಾಡಿದ ಕೆಲಸ. ಸಂಜೆ ಕೊಯ್ದರೆ, ಕೈ ತೊಳೆದರೆ ಮುಗಿಯಿತು.

ಕಿತ್ತ ಗಿಡಗಳನ್ನು ಸುಡುವುದು ಮಾತ್ರ ಬೇಡವೇ ಬೇಡ. ಗೇರಿನ ಬಳಗದ ಕೊಂಬೆ ಉರಿದರೆ ಎಣ್ಣೆ ಹೊಗೆಯ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ. ನಾನು ದಪ್ಪ ಚೀಲದಲ್ಲಿ ಕಟ್ಟಿ ಬೇರೆ ಇಡುತ್ತೇನೆ, ಹೂ ಬಿಡದ ಪಾರ್ಥೇನಿಯಂ ಮಾತ್ರ ಗೊಬ್ಬರದ ಗುಂಡಿಗೆ. ಮುಖ ಊದಿಕೊಂಡರೆ, ಉಸಿರು ಕಟ್ಟಿದರೆ, ಬೊಬ್ಬೆಯಲ್ಲಿ ಕೀವು ಕಂಡರೆ, ಜ್ವರ ಬಂದರೆ ಮನೆಮದ್ದು ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಗಿಡ ಕೈಯಲ್ಲಿ ಹಿಡಿದುಕೊಂಡು ಹೋಗಬೇಡಿ. ಎಲೆ, ಹೂ, ಕಾಂಡ ಮೂರೂ ಕಾಣುವಂತೆ ಫೋಟೋ ತೆಗೆದುಕೊಳ್ಳಿ, ತುರಿಕೆ ಯಾವಾಗ ಶುರುವಾಯಿತು ಎನ್ನುವುದನ್ನೂ ಬರೆದಿಟ್ಟುಕೊಳ್ಳಿ.