ಫಿರಂಗಿ ಗುಂಡಿನ ಗುರುತು ಮತ್ತು ಬೆಲೆ

ರಾಯಚೂರಿನಲ್ಲಿ ಲೇಥ್ ಕೆಲಸ ಮಾಡುವ ನನ್ನನ್ನು, ಹಳೆಯ ವಸ್ತುಗಳ ಹವ್ಯಾಸವುಳ್ಳ ಗೆಳೆಯರು ಹೊಲದಲ್ಲೋ ಹಾಳುಬಾವಿಯ ಹೂಳಿನಲ್ಲೋ ಸಿಕ್ಕ ದುಂಡನೆಯ ಕಬ್ಬಿಣದ ಬಗ್ಗೆ ವಿಚಾರಿಸುವುದುಂಟು. ಎಲ್ಲರಿಗೂ ತಮ್ಮದು 1520ರ ರಾಯಚೂರು ಯುದ್ಧದ ಗುಂಡೇ ಆಗಿರಬೇಕೆಂಬ ಆಸೆ. ವಸ್ತುವನ್ನು ಮುಟ್ಟದೆ ಮೊದಲು ಫೋಟೊ ಕಳಿಸಿರೆಂದು ಹೇಳುತ್ತೇನೆ. ಮೇಲೆ ತೂತು ಅಥವಾ ಬಿರಡೆಯ ಗುರುತು ಕಂಡರೆ ಅದು ಮದ್ದು ತುಂಬಿದ ಟೊಳ್ಳು ಗುಂಡಾಗಿರಬಹುದು. ಶತಮಾನ ಕಳೆದರೂ ಒಣಗಿದ ಕರಿಮದ್ದು ಸಿಡಿಯಬಲ್ಲದಾದ್ದರಿಂದ, ಅದನ್ನು ಇದ್ದಲ್ಲಿಯೇ ಬಿಟ್ಟು ಪೊಲೀಸರಿಗೆ ತಿಳಿಸಬೇಕು.

ಘನ ಗುಂಡಾದರೆ ವರ್ನಿಯರ್ ಕ್ಯಾಲಿಪರ್‌ನಿಂದ ಹಲವು ದಿಕ್ಕುಗಳಲ್ಲಿ ವ್ಯಾಸವನ್ನು ಅಳೆದು ತೂಗುತ್ತೇನೆ. 9 ಸೆಂ.ಮೀ. ವ್ಯಾಸದ ಎರಕದ ಕಬ್ಬಿಣದ ಗುಂಡು ಸುಮಾರು 2.7 ಕೆ.ಜಿ., ಅಂದರೆ ಆಂಗ್ಲರ 6 ಪೌಂಡ್, ತೂಗುತ್ತದೆ. ಅದೇ ಗಾತ್ರದ ಗ್ರಾನೈಟ್ ಗುಂಡು ಒಂದು ಕಿಲೋ ಆಸುಪಾಸು. ತುಕ್ಕು ತಿಂದ ಗುಂಡಿನ ತೂಕ ತುಸು ಕಡಿಮೆ ಬರುವುದು ಸಹಜ. ತೂಕ 3 ಕೆ.ಜಿ. ಸಮೀಪಿಸಿದರೆ ಮಾತ್ರ ಎರಡು ಸಾಧ್ಯತೆಗಳಿವೆ: ಒಂದು ಕುಲುಮೆಯಲ್ಲಿ ಬಡಿದು ಮಾಡಿದ ನಾಡ ಗುಂಡು, ಇನ್ನೊಂದು ಅದಿರು ಅರೆಯುವ ಬಾಲ್ ಮಿಲ್‌ನ ಉಕ್ಕಿನ ಗುಂಡು. ಹಟ್ಟಿಯಂಥ ಗಣಿಗಳಿರುವ ನಮ್ಮ ಸೀಮೆಯಲ್ಲಿ ಎರಡನೆಯದೇ ಹೆಚ್ಚು ಎಂಬುದು ನನ್ನ ಅಂದಾಜು. ಬಡಿದ ಗುಂಡಿನ ಮೈಮೇಲೆ ಸುತ್ತಿಗೆಯ ಚಪ್ಪಟೆ ಗುರುತುಗಳಿರುತ್ತವೆ, ವ್ಯಾಸವೂ ದಿಕ್ಕಿನಿಂದ ದಿಕ್ಕಿಗೆ ಬದಲಾಗುತ್ತದೆ. ಸರಿಯಾಗಿ 4 ಅಥವಾ 7.26 ಕೆ.ಜಿ. ತೂಗಿದರೆ ಅದು ಬಹುಮಟ್ಟಿಗೆ ಗುಂಡು ಎಸೆತದ ಆಟದ ಗುಂಡು. ದೊಡ್ಡ ಕಲ್ಲುಗುಂಡಾದರೆ ಊರ ಯುವಕರು ಎತ್ತುತ್ತಿದ್ದ ಗುಂಡುಕಲ್ಲೇ ಎಂದು ಹಿರಿಯರನ್ನು ಕೇಳುವುದು ಒಳ್ಳೆಯದು.

ಪೌಂಡಿನ ಲೆಕ್ಕಕ್ಕೆ ಹೊಂದುವ, ಅಚ್ಚಿನ ಗೆರೆಯುಳ್ಳ ಎರಕದ ಗುಂಡನ್ನು ನಾನು 1520ಕ್ಕೆ ಸೇರಿಸುವುದಿಲ್ಲ. ಅಂಥದ್ದು ಕೊಪ್ಪಳದ ಕಡೆ ಸಿಕ್ಕಿದ್ದರೆ, ಟಿಪ್ಪುವಿನ ವಶದಲ್ಲಿದ್ದ ಆ ಕೋಟೆಯನ್ನು 1790-91ರಲ್ಲಿ ಆಂಗ್ಲರ ಈಸ್ಟ್ ಇಂಡಿಯಾ ಕಂಪನಿ ಮತ್ತು ನಿಜಾಮರ ಸೇನೆಗಳು ಮುತ್ತಿದ್ದು ಮೊದಲು ನೆನಪಾಗುತ್ತದೆ. ತೂಕವೊಂದರಿಂದಲೇ ಅದು ಸಾಬೀತಾಗುವುದಿಲ್ಲ, ಸಿಕ್ಕ ಜಾಗ ಗೊತ್ತಿರಬೇಕು. ಗೋಡೆಯ ಯಾವ ಬದಿಯಲ್ಲಿ, ಎಷ್ಟು ಆಳದಲ್ಲಿ, ಬೇರೆ ಯಾವ ವಸ್ತುವಿನ ಜೊತೆ ಸಿಕ್ಕಿತೆಂಬುದು ದಾಳಿ ಬಂದ ದಿಕ್ಕನ್ನು ಸೂಚಿಸಬಲ್ಲದು. ಜಾಗ ಹೇಳಲು ಒಲ್ಲದವರಿಗೆ ನಾನು ಗುಜರಿ ದರವನ್ನಷ್ಟೇ ಹೇಳುತ್ತೇನೆ.

ಮಾರಾಟದ ಬೆಲೆಯನ್ನು ಬರೆದುಕೊಡುವುದಿಲ್ಲ. ನೂರು ವರ್ಷ ದಾಟಿದ ಇಂಥ ವಸ್ತುಗಳ ವ್ಯಾಪಾರಕ್ಕೆ 1972ರ ಪುರಾವಸ್ತು ಕಾಯ್ದೆಯಡಿ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಕರ್ನಾಟಕದ 1962ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹುದುಗಿ ಸಿಕ್ಕ ಬೆಲೆಯುಳ್ಳ ವಸ್ತುವಿನ ಬಗ್ಗೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಆ ಅರ್ಜಿಗೆ ಬೇಕಾದ ಅಳತೆ, ತೂಕ ಮತ್ತು ಜಾಗದ ನಕ್ಷೆಯನ್ನು ನಾನೇ ತಯಾರಿಸಿಕೊಡುತ್ತೇನೆ.