ಕೊಡಗಿನಲ್ಲಿ ಮನೆ ಕೊಳ್ಳಬೇಕೇ? ಕಕ್ಕಡದಲ್ಲಿ ಬಂದು ನೋಡಿ

ಕೊಡಗಿನಲ್ಲಿ ಮನೆ ಹುಡುಕುವವರು ಹೆಚ್ಚಾಗಿ ಬರುವುದು ದಸರಾ ರಜೆಗೆ, ಇಲ್ಲವೇ ಕ್ರಿಸ್‌ಮಸ್ ಹೊತ್ತಿಗೆ. ಆಗ ಬೆಟ್ಟವೆಲ್ಲ ಹಸಿರು, ಆಕಾಶ ತಿಳಿ, ಗೋಡೆಗೆ ಹೊಸ ಬಣ್ಣ. ಬೆಳಿಗ್ಗೆ ಮನೆ ನೋಡಿ ಸಂಜೆಯೊಳಗೆ ಅಡ್ವಾನ್ಸ್ ಕೊಟ್ಟು ಹೋಗುತ್ತಾರೆ. ಮುಂದಿನ ಜುಲೈನಲ್ಲಿ ಹಿತ್ತಿಲ ಬರೆ, ಅಂದರೆ ಗುಡ್ಡ ಕಡಿದಾಗ ನಿಲ್ಲುವ ಕಡಿದಾದ ಮಣ್ಣಿನ ಗೋಡೆ, ಜಾರಿ ಅಡುಗೆಮನೆ ಗೋಡೆಗೆ ಬಂದು ನಿಂತಾಗ ಗಾಬರಿಯಾಗಿ ಫೋನ್ ಮಾಡುತ್ತಾರೆ. ಇಂಥ ಫೋನ್ ಎತ್ತಿ ಎತ್ತಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಮನೆ ಕೊಳ್ಳಲು ಒಂದು ವರ್ಷ ಇಟ್ಟುಕೊಳ್ಳಿ. ಅದಕ್ಕಿಂತ ಬೇಗ ಬೇಡ.

ಮೊದಲ ಸಲ ಬರುವುದು ಏಪ್ರಿಲ್ ಆಸುಪಾಸಿನಲ್ಲಿ, ನೀರು ನೋಡಲು. ಬಾವಿಗೆ ಬಗ್ಗಿ ನೋಡಿ, ಬೋರ್‌ವೆಲ್ ಇದ್ದರೆ ಅರ್ಧ ಗಂಟೆ ಮೋಟಾರ್ ಓಡಿಸಿ, ಟ್ಯಾಂಕರ್ ತರಿಸುತ್ತೀರಾ ಅಂತ ಪಕ್ಕದ ಮನೆಯವರನ್ನು ಕೇಳಿ. ಇಷ್ಟು ಮಳೆ ಬೀಳುವ ಊರಲ್ಲಿ ನೀರಿಗೇನು ಬರ ಅಂದುಕೊಳ್ಳಬೇಡಿ. ಗುಡ್ಡದ ಮೇಲೆ ಬಿದ್ದ ನೀರು ಗುಡ್ಡದ ಮೇಲೆ ನಿಲ್ಲುವುದಿಲ್ಲ.

ಎರಡನೇ ಸಲ ಬರುವುದು ಕಕ್ಕಡದಲ್ಲಿ. ಎಡವಟ್ಟು ಆಗುವುದೇ ಇಲ್ಲಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಈ ತಿಂಗಳಲ್ಲಿ ಊರವರು ಶುಭಕಾರ್ಯ ಇಟ್ಟುಕೊಳ್ಳುವುದಿಲ್ಲ. ಬ್ರೋಕರ್ ಕೂಡ "ಮಳೆ ಬಿಡಲಿ ಸಾರ್, ಆಮೇಲೆ ತೋರಿಸ್ತೀನಿ" ಅನ್ನುತ್ತಾರೆ. ಒಪ್ಪಬೇಡಿ. ರಿಜಿಸ್ಟ್ರೇಷನ್ ಒಳ್ಳೆಯ ದಿನ ನೋಡಿಯೇ ಮಾಡಿಸಿ, ಮನೆ ನೋಡುವುದಕ್ಕೆ ಮುಹೂರ್ತ ಬೇಡ. 2018ರಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡ ಜಾರಿದ್ದು ಆಗಸ್ಟ್‌ನಲ್ಲಿ. 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಕುಸಿದದ್ದೂ ಆಗಸ್ಟ್‌ನಲ್ಲೇ. ಹಾಗಾಗಿ ಕಕ್ಕಡ 18, ಅಂದರೆ ಮದ್ದುಸೊಪ್ಪಿನ ಪಾಯಸ ಮಾಡುವ ಆಗಸ್ಟ್ 3ರ ಆಸುಪಾಸು ನೋಡಿಕೊಂಡು ಬನ್ನಿ. ರೆಡ್ ಅಲರ್ಟ್ ಇರುವ ದಿನ ಮಾತ್ರ ಹೊರಡಬೇಡಿ. ಮೂರ್ನಾಲ್ಕು ದಿನ ಬಿಡದೆ ಸುರಿದು ಸ್ವಲ್ಪ ಹೊಳವಾದಾಗ ಹೋಗಿ.

ಮನೆಯೊಳಗೆ ಕಾಲಿಡುವ ಮೊದಲು ಹಿಂದಕ್ಕೆ ಹೋಗಿ. ಗುಡ್ಡ ಕೊರೆದು ಸೈಟ್ ಮಾಡಿದ್ದರೆ ಹಿಂದೆ ಬರೆ ಇದ್ದೇ ಇರುತ್ತದೆ. ಬರೆಗೆ ತಡೆಗೋಡೆ ಇದೆಯೇ? ಇದ್ದರೆ ಅದರಲ್ಲಿ ನೀರು ಹೊರಬರಲು ಇಟ್ಟ ಪೈಪ್‌ಗಳನ್ನು ನೋಡಿ. ಇಷ್ಟು ಮಳೆಯಲ್ಲಿ ಅವುಗಳಿಂದ ನೀರು ಬರಲೇಬೇಕು. ತಿಳಿನೀರು ಬಂದರೆ ಒಳ್ಳೆಯದು. ಕೆಂಪು ನೀರು ಬಂದರೆ ಒಳಗಿನ ಮಣ್ಣು ಕೊಚ್ಚಿ ಹೋಗುತ್ತಿದೆ. ಒಂದು ತೊಟ್ಟೂ ಬರದಿದ್ದರೆ ಪೈಪ್ ಕಟ್ಟಿಕೊಂಡು ಗೋಡೆಯ ಹಿಂದೆ ನೀರು ತುಂಬುತ್ತಿರಬಹುದು. ಗೋಡೆಯ ನಡುಭಾಗ ಹೊಟ್ಟೆಯ ಹಾಗೆ ಮುಂದೆ ಬಂದಿದ್ದರೆ ಅಲ್ಲಿಂದಲೇ ವಾಪಸ್ ಹೊರಡಿ.

ಆಮೇಲೆ ಬರೆಯ ಮೇಲಕ್ಕೆ ಹತ್ತಿ. ಜಿಗಣೆ ಇರುತ್ತವೆ, ಗಂಬೂಟು ಹಾಕಿಕೊಳ್ಳಿ. ನೆಲದ ಮೇಲೆ ಟಾರ್ಪಾಲ್ ಹಾಸಿದ್ದರೆ ಎತ್ತಿ ನೋಡಿ, ಬಿರುಕಿಗೆ ನೀರು ಇಳಿಯದಿರಲಿ ಅಂತ ಮುಚ್ಚಿರುತ್ತಾರೆ. ತೋಟದ ಸಿಲ್ವರ್ ಓಕ್ ಮರಗಳ ಬುಡ ನೋಡಿ. ಬುಡದಲ್ಲಿ ಬಾಗಿ ಮೇಲೆ ನೆಟ್ಟಗೆ ಹೋದ ಮರಗಳು ಸಾಲಾಗಿ ಕಂಡರೆ ಆ ಮಣ್ಣು ವರ್ಷಗಳಿಂದ ನಿಧಾನಕ್ಕೆ ಇಳಿಯುತ್ತಿದೆ. ಮೇಲಿನ ಮನೆಯ, ತೋಟದ ನೀರು ಯಾವ ಚರಂಡಿಗೆ ಹೋಗುತ್ತದೆ ಅಂತ ಕೊನೆಯವರೆಗೂ ನಡೆದು ನೋಡಿ.

ಈಗ ಒಳಗೆ. ಮೂಲೆಯಲ್ಲಿ ಹಾಸಿದ ಚಾಪೆ ಎತ್ತಿಸಿ, ನೆಲದಲ್ಲಿ ಜಲ ಏಳುತ್ತಿದ್ದರೆ ಅಲ್ಲಿ ಗೊತ್ತಾಗುತ್ತದೆ. ಬರೆಯ ಕಡೆಯ ಗೋಡೆಗೆ ಅಂಗೈ ಒತ್ತಿ. ಬಾಗಿಲು ಬಿಗಿಯಾಗಿದೆ ಅಂತ ಹೆದರಬೇಡಿ, ಮಳೆಗೆ ಮರ ಉಬ್ಬುತ್ತದೆ. ಚೌಕಟ್ಟಿನ ಮೂಲೆಯಿಂದ ಓರೆಯಾಗಿ ಹೊರಟ ಬಿರುಕಿಗೆ ಹೆದರಿ. ವಾಟರ್‌ಪ್ರೂಫ್ ಪೇಂಟ್ ಹೊಡೆಸಿದ್ದೇವೆ ಅನ್ನುವ ಮಾತಿಗೆ ಬೆಲೆ ಕೊಡಬೇಡಿ. ಮಣ್ಣಿನ ಕಡೆಯಿಂದ ಬರುವ ನೀರನ್ನು ಒಳಗಿನ ಬಣ್ಣ ತಡೆಯುವುದಿಲ್ಲ, ಒಂದೆರಡು ಮಳೆಗಾಲಕ್ಕೆ ಗುಳ್ಳೆ ಎದ್ದು ಉದುರುತ್ತದೆ.

ನನ್ನನ್ನು ಕೇಳಿದರೆ, ಹೊಸ ಮನೆಗಿಂತ 2018ರ ಆಗಸ್ಟ್ ದಾಟಿ ನಿಂತ ಹಳೇ ಮನೆಯೇ ವಾಸಿ. ವ್ಯೂ ಇದೆ ಅಂತ ಜಾಸ್ತಿ ದುಡ್ಡು ಕೊಡಬೇಡಿ. ವ್ಯೂ ಇರುವ ಮನೆ ಹೆಚ್ಚಾಗಿ ಇಳಿಜಾರಿನ ಅಂಚಿನಲ್ಲೇ ಇರುತ್ತದೆ. ಗುಡ್ಡದ ಗೊಡವೆಯೇ ಬೇಡ ಅಂತ ಕುಶಾಲನಗರಕ್ಕೆ ಹೋಗುವವರು ಹೊಳೆಯ ದಾರಿ ನೋಡಿಕೊಳ್ಳಿ. 2018, 2019ರಲ್ಲಿ ಅಲ್ಲಿ ಕಾವೇರಿ ದಡದ ಬಡಾವಣೆಗಳಿಗೆ ನೀರು ನುಗ್ಗಿತ್ತು. ಎಲ್ಲಿಯವರೆಗೆ ಬಂದಿತ್ತು ಅಂತ ಅಕ್ಕಪಕ್ಕದವರು ಗೋಡೆ ತೋರಿಸಿಯೇ ಹೇಳುತ್ತಾರೆ.

ಬೆಲೆ ಮಾತಾಡುವುದೂ ಮಳೆಯಲ್ಲೇ. ಆಗ ಬೇರೆ ಗಿರಾಕಿ ಇರುವುದಿಲ್ಲ, ಮಾಲೀಕರಿಗೂ ಕೂತು ಮಾತಾಡಲು ಪುರುಸೊತ್ತು. ತೋಟದವರ ಮನೆಯಾದರೆ ಕಾಫಿ ರೇಟು ಗಮನಿಸಿ. 2024-25ರ ಹಾಗೆ ರೊಬಸ್ಟಾಗೆ ಭಾರಿ ರೇಟು ಬಂದ ವರ್ಷ ಅವರಿಗೆ ಮಾರುವ ಅವಸರ ಇರುವುದಿಲ್ಲ. ಹಾಗಂತ ಬೆಲೆ ಬೀಳಲಿ ಅಂತ ವರ್ಷಗಟ್ಟಲೆ ಕಾಯಬೇಡಿ, ಗಟ್ಟಿ ಮಣ್ಣಿನ ಮೇಲಿನ ಮನೆ ಸಿಕ್ಕಿದ ವರ್ಷವೇ ಕೊಳ್ಳಿ. ಹೋಮ್‌ಸ್ಟೇ ಮಾಡಿ ಸಾಲ ತೀರಿಸುವ ಲೆಕ್ಕ ಇದ್ದರೆ ವೀಕೆಂಡ್‌ಗಳನ್ನು ಮಾತ್ರ ಎಣಿಸಿ, ಮಳೆಗಾಲ ಪೂರ್ತಿ ಬಿಟ್ಟುಬಿಡಿ.

ಸೆಪ್ಟೆಂಬರ್, ಅಕ್ಟೋಬರ್ ಕಾಗದಪತ್ರಕ್ಕೆ. ಜಾಗ ಕೃಷಿಯಿಂದ ವಾಸಕ್ಕೆ ಕನ್ವರ್ಷನ್ ಆಗಿದೆಯೇ ನೋಡಿ. ಪಂಚಾಯಿತಿ ವ್ಯಾಪ್ತಿಯಾದರೆ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. ಕ್ರಮಬದ್ಧವಲ್ಲದ ಆಸ್ತಿಗೆ ಕೊಡುವ 11ಬಿ ತೋರಿಸಿದರೆ ವಕೀಲರನ್ನು ಕೇಳದೆ ಮುಂದೆ ಹೋಗಬೇಡಿ. ಕನಿಷ್ಠ 30 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಅಥವಾ ಬಾಣೆ (ಗದ್ದೆಗೆ ಸೇರಿದ ಕಾಡುಜಾಗ) ಆದರೆ ಇನ್ನೂ ಹುಷಾರು. ಪಹಣಿಯಲ್ಲಿ ಪಟ್ಟೆದಾರರ, ಅಂದರೆ ಮನೆತನದ ಹಿರಿಯರ ಹೆಸರಿದ್ದರೂ ಹಕ್ಕು ಒಕ್ಕದ (ಕೊಡವ ಮನೆತನದ) ಉಳಿದವರಿಗೂ ಇರುತ್ತದೆ. ಒಬ್ಬರ ಸಹಿ ನಂಬಿ ಅಡ್ವಾನ್ಸ್ ಕೊಟ್ಟವರು ಕೋರ್ಟಿಗೆ ಅಲೆಯುತ್ತಿದ್ದಾರೆ. ಮಡಿಕೇರಿ, ವಿರಾಜಪೇಟೆಯಲ್ಲಿ ಇಂಥ ಕೇಸು ನಡೆಸಿ ಪಳಗಿದ ವಕೀಲರಿಗೇ ತೋರಿಸಿ, ಬೆಂಗಳೂರಿನ ಪರಿಚಯದವರು ಸಾಲದು.

ಎಲ್ಲ ಸರಿ ಇದ್ದರೆ ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ ಪುತ್ತರಿ ಹೊತ್ತಿಗೆ ರಿಜಿಸ್ಟ್ರೇಷನ್ ಮಾಡಿಸಿ, ಖಾತೆ ಬದಲಾವಣೆಗೆ ಅರ್ಜಿ ಕೊಡಿ. ಬರೆಯ ಚರಂಡಿಯ ಹೂಳನ್ನು ಮೇ ಮುಗಿಯುವುದರೊಳಗೆ ತೆಗೆಸಿಬಿಡಿ. ಜೂನ್‌ನಲ್ಲಿ ಮಳೆ ಹಿಡಿದರೆ ಆ ಕೆಲಸಕ್ಕೆ ಆಳು ಸಿಗುವುದಿಲ್ಲ.