ಕ್ಯಾನ್ವಾಸ್ ಕಸೂತಿ ಸೊಟ್ಟಗಾಗದ ಹಾಗೆ

ಕ್ಯಾನ್ವಾಸ್ ಕಸೂತಿ, ಅಂದರೆ ತೂತು ತೂತಿನ ಗಟ್ಟಿ ಬಟ್ಟೆಯನ್ನು ಉಲನ್ ದಾರದ ಹೊಲಿಗೆಗಳಿಂದ ತುಂಬುವುದನ್ನು ಕಲಿಯುವ ಆಸೆಯಾ? ಹಾಗಾದರೆ ಮೊದಲು ಅಂಗೈ ಅಗಲದ ಕೋಸ್ಟರ್ ಒಂದನ್ನು ಹಾಕಿ ಮುಗಿಸಿ. ನಾನು ಶುರುವಿನಲ್ಲೇ ಕುಶನ್ ಕವರ್‌ಗೆ ಕೈ ಹಾಕಿದ್ದೆ. ಹೊಲಿಗೆ ಮುಗಿಯುವಷ್ಟರಲ್ಲಿ ಚೌಕವಾಗಿದ್ದ ಕ್ಯಾನ್ವಾಸ್ ಪೂರ್ತಿ ಒಂದು ಕಡೆಗೆ ವಾಲಿತ್ತು. ತಿಂಗಳುಗಟ್ಟಲೆ ಪಟ್ಟ ಶ್ರಮ, ತುಂಬಾ ಬೇಜಾರಾಯಿತು.

ಯಾಕೆ ಹಾಗಾಯಿತು ಅಂತ ಆಮೇಲೆ ತಿಳಿಯಿತು. ನಾನು ಹಾಕಿದ್ದು ಟೆಂಟ್ ಹೊಲಿಗೆ, ಅಂದರೆ ಒಂದು ತೂತಿನಿಂದ ಮೂಲೆಯ ತೂತಿಗೆ ಹೋಗುವ ಸಣ್ಣ ಓರೆ ಹೊಲಿಗೆ. ಅದರಲ್ಲಿ ಪ್ರತಿ ಎಳೆಯೂ ಒಂದೇ ಓರೆಗೆ ಬೀಳುತ್ತದೆ. ಇಂಚಿಗೆ 14 ತೂತಿರುವ ಕ್ಯಾನ್ವಾಸಿನಲ್ಲಿ ಒಂದು ಚದರ ಇಂಚಿಗೆ 196 ಹೊಲಿಗೆ. ಅಷ್ಟೂ ಒಂದೇ ಕಡೆಗೆ ಎಳೆದರೆ ಬಟ್ಟೆ ತಿರುಚಿಕೊಳ್ಳದೆ ಇರುತ್ತಾ? ಅದಕ್ಕೇ ಹೊಸಬರು ಇಂಚಿಗೆ 10 ತೂತಿನ ಕ್ಯಾನ್ವಾಸ್ ತೆಗೆದುಕೊಂಡು ಕ್ರಾಸ್ ಸ್ಟಿಚ್ (× ಆಕಾರದ ಹೊಲಿಗೆ) ಹಾಕುವುದು ಒಳ್ಳೆಯದು. ಅದರಲ್ಲಿ ಎಳೆ ಎರಡೂ ಓರೆಗೆ ಹೋಗುವುದರಿಂದ ಎಳೆತ ಸಮವಾಗುತ್ತದೆ. ಮೇಲಿನ ಎಳೆ ಮಾತ್ರ ಎಲ್ಲ ಕಡೆ ಒಂದೇ ದಿಕ್ಕಿಗಿರಲಿ. ಕೈ ಕುದುರಿದ ಮೇಲೆ ಬ್ಯಾಸ್ಕೆಟ್‌ವೀವ್ ಕಲಿಯಿರಿ. ಇದೂ ಟೆಂಟ್ ಹೊಲಿಗೆಯೇ, ಆದರೆ ಸಾಲುಗಳು ಮೂಲೆಯಿಂದ ಮೂಲೆಗೆ ಹೋಗುತ್ತವೆ. ಹಿಂಬದಿ ಬುಟ್ಟಿ ಹೆಣೆದ ಹಾಗೆ ಕಾಣುತ್ತದೆ, ಬಟ್ಟೆಯೂ ಕಡಿಮೆ ವಾಲುತ್ತದೆ. ಕುರ್ಚಿಯ ಸೀಟು, ಕುಶನ್‌ನಂಥ ಜಾಸ್ತಿ ಸವೆಯುವ ವಸ್ತುಗಳಿಗೆ ನನ್ನ ಆಯ್ಕೆ ಇದೇ.

ಸೂಜಿ ಮೊಂಡು ತುದಿಯದೇ ಆಗಬೇಕು. ಚೂಪು ಸೂಜಿ ಕ್ಯಾನ್ವಾಸಿನ ಎಳೆಯನ್ನೇ ಸೀಳುತ್ತದೆ. ದಾರ ಒಂದೂವರೆ ಅಡಿ ಸಾಕು. ಉದ್ದವಾದರೆ ತೂತಿಗೆ ಉಜ್ಜಿ ಉಜ್ಜಿ ಉಲನ್ ಸವೆದು ತೆಳ್ಳಗಾಗುತ್ತದೆ. ಒಂದು ಬಣ್ಣಕ್ಕೆ ಬೇಕಾದಷ್ಟೂ ದಾರವನ್ನು ಒಟ್ಟಿಗೇ ಕೊಂಡುಕೊಳ್ಳಿ. ಬೇರೆ ಸಲ ಬಣ್ಣ ಹಾಕಿದ ದಾರ ಎಷ್ಟೇ ಹೋಲಿದರೂ ಹೊಲಿದ ಮೇಲೆ ಪಟ್ಟೆಯಾಗಿ ಕಾಣುತ್ತದೆ.

ಹಿಂದೆ ಗಂಟು ಹಾಕಬೇಡಿ, ಅದು ಮುಂದಕ್ಕೆ ಉಬ್ಬುತ್ತದೆ. ದಾರದ ತುದಿಯನ್ನು ಹಿಂಬದಿಯ ನಾಲ್ಕೈದು ಹೊಲಿಗೆಗಳ ಅಡಿಗೆ ತೂರಿಸಿದರೆ ಸಾಕು. ಜಗ್ಗಿ ಎಳೆಯಬೇಡಿ ಅಂತ ಎಷ್ಟು ಸಲ ಹೇಳಿದರೂ ಕಡಿಮೆಯೇ. ದಾರ ತೂತು ತುಂಬಿ ಮೆತ್ತಗೆ ಕೂರಬೇಕು. ಫ್ರೇಮಿಗೆ ಬಿಗಿದು, ಸೂಜಿಯನ್ನು ಒಮ್ಮೆ ಕೆಳಗೆ ಒಮ್ಮೆ ಮೇಲೆ ನೇರವಾಗಿ ಕುತ್ತಿ ತೆಗೆದರೆ ಎಳೆತ ತಾನಾಗಿಯೇ ಹದಕ್ಕೆ ಬರುತ್ತದೆ.

ಇಷ್ಟಾದರೂ ಸ್ವಲ್ಪ ವಾಲಿದರೆ ಹೆದರಬೇಡಿ. ಮೊದಲು ಒದ್ದೆ ಬಿಳಿ ಬಟ್ಟೆ ಒತ್ತಿ ಬಣ್ಣ ಬಿಡುತ್ತದಾ ನೋಡಿ. ಬಿಡದಿದ್ದರೆ ನೀರು ಚಿಮುಕಿಸಿ, ಹಲಗೆಯ ಮೇಲೆ ಮೂಲೆಗಳನ್ನು ನೇರಕ್ಕೆ ಎಳೆದು, ತುಕ್ಕು ಹಿಡಿಯದ ಪಿನ್ನು ಚುಚ್ಚಿ. ಪೂರ್ತಿ ಒಣಗುವವರೆಗೂ ತೆಗೆಯಬೇಡಿ. ಈ ಕೆಲಸಕ್ಕೆ ಅಂತಲೇ ಸುತ್ತ ಎರಡು ಇಂಚು ಖಾಲಿ ಅಂಚು ಬಿಟ್ಟಿರಬೇಕು.

ಕುಶನ್‌ಗೆ ಹಿಂದಿನ ಬಟ್ಟೆ ಜೋಡಿಸುವಾಗ ಕಸೂತಿಯ ಅಂಚಿನಿಂದ ಒಂದು ಸಾಲು ಒಳಗೇ ಮಿಷನ್ ಹೊಲಿಗೆ ಹಾಕಿ. ಆಗ ಬಿಳಿ ಕ್ಯಾನ್ವಾಸ್ ಎಲ್ಲೂ ಇಣುಕುವುದಿಲ್ಲ.